ರಕ್ತದ ಭಯ ಇರಲಿ ಬಿಡಿ, ಮೂರರ ಮಗ್ಗಿ ಬರುತ್ತಾ?

"ಭಾಂಡುಪಿನಲ್ಲಿದ್ದೇನೆ, 12ನೇ ಆರ್ಟ್ಸ್ ಆಗಿದೆ. ಸೇವಾ ಮನೋಭಾವ ಇದೆ, ಆದರೆ ರಕ್ತ ಕಂಡರೆ ತಲೆ ಸುತ್ತುತ್ತೆ, ಲೆಕ್ಕವೂ ಬರಲ್ಲ. ನರ್ಸಿಂಗ್ ಆಗುತ್ತಾ?" ಅಂತ ಕೇಳಿದ್ದೀರಿ. ರಕ್ತದ ಮಾತು ಓದಿ ನಕ್ಕೆ, ಲೆಕ್ಕದ ಮಾತು ಓದಿ ನಗು ನಿಂತಿತು. ನಾನೂ ಮುಂಬಯಿಯ ಕನ್ನಡ ಮಾಧ್ಯಮದ ಮುನ್ಸಿಪಲ್ ಶಾಲೆಯಿಂದ "ಲೆಕ್ಕ ಡಾಕ್ಟರು ನೋಡ್ಕೋತಾರೆ" ಅಂದುಕೊಂಡೇ ನರ್ಸಿಂಗ್ ಡಿಪ್ಲೊಮಾಗೆ, ಅಂದರೆ ಜಿಎನ್‌ಎಂಗೆ ಸೇರಿದವಳು.

ಎರಡನೇ ವರ್ಷ, ಮಕ್ಕಳ ವಾರ್ಡು. 10 ಕಿಲೋ ತೂಕದ ಮಗು, ಗಂಟೆಗೆ 40 ಮಿ.ಲೀ. ಡ್ರಿಪ್ ಅಂತ ಆದೇಶ. ಇಲ್ಲಿ ನಿಧಾನವಾಗಿ ಓದಿ. ಡ್ರಿಪ್ ಸೆಟ್ಟಿನಲ್ಲಿ ಎರಡು ಬಗೆ. ದೊಡ್ಡವರಿಗೆ ಹಾಕುವ ಮ್ಯಾಕ್ರೋ ಸೆಟ್ಟಿನಲ್ಲಿ 20 ಹನಿ ಬಿದ್ದರೆ 1 ಮಿ.ಲೀ. (15 ಹನಿಯದ್ದೂ ಇರುತ್ತೆ, ಪ್ಯಾಕೆಟ್ ಮೇಲೆ ಬರೆದಿರುತ್ತಾರೆ.) ಮಕ್ಕಳ ಮೈಕ್ರೋ ಸೆಟ್ಟಿನಲ್ಲಿ 1 ಮಿ.ಲೀ.ಗೆ 60 ಹನಿ. ಸೂತ್ರ ಒಂದೇ: ಕೊಡಬೇಕಾದ ಮಿ.ಲೀ.ಯನ್ನು ಸೆಟ್ಟಿನ ಹನಿಸಂಖ್ಯೆಯಿಂದ ಗುಣಿಸಿ, ನಿಮಿಷಗಳಿಂದ ಭಾಗಿಸಿ. ಮೈಕ್ರೋದಲ್ಲಿ 40 ಗುಣಿಸು 60, ಭಾಗಿಸು 60. ಮೇಲಿನ 60ಕ್ಕೂ ಕೆಳಗಿನ 60ಕ್ಕೂ ವಜಾ, ಉಳಿದದ್ದು 40. ಅಂದರೆ ಗಂಟೆಗೆ ಎಷ್ಟು ಮಿ.ಲೀ.ಯೋ ನಿಮಿಷಕ್ಕೆ ಅಷ್ಟೇ ಹನಿ. ಈ ಸುಲಭವೇ ನನ್ನನ್ನು ಕೆಡಿಸಿತು. ಮಕ್ಕಳ ವಾರ್ಡಿನಲ್ಲಿ ಲೆಕ್ಕವೇ ಬೇಡ, ಆದೇಶದ ಅಂಕಿಯನ್ನೇ ಎಣಿಸಿದರಾಯ್ತು ಅಂತ ರೂಢಿಯಾಗಿಬಿಟ್ಟಿತ್ತು.

ಆವತ್ತು ಹಳೇ ಸೆಟ್ಟು ಕಟ್ಟಿಕೊಂಡಿತ್ತು. ಟ್ರಾಲಿಯಿಂದ ಹೊಸದನ್ನು ತೆಗೆದೆ, ಪ್ಯಾಕೆಟ್ ಓದಲಿಲ್ಲ. ಅದು ಮ್ಯಾಕ್ರೋ. ಓದದಿದ್ದರೂ ಗೊತ್ತಾಗಬೇಕಿತ್ತು: ಮೈಕ್ರೋ ಸೆಟ್ಟಿನ ಹನಿ ಬೀಳುವ ಕೊಳವೆಯೊಳಗೆ ಸಣ್ಣ ಲೋಹದ ಸೂಜಿ ಕಾಣುತ್ತೆ, ಮ್ಯಾಕ್ರೋದಲ್ಲಿ ಅಗಲ ಬಾಯಿ ಅಷ್ಟೇ. ಚಕ್ರ ತಿರುಗಿಸಿ 40 ಹನಿಗೆ ನಿಲ್ಲಿಸಿದೆ. ಆ ಸೆಟ್ಟಿನಲ್ಲಿ 40 ಗುಣಿಸು 20 ಭಾಗಿಸು 60, ಹತ್ತಿರ ಹತ್ತಿರ 13 ಹನಿ ಬೀಳಬೇಕಿತ್ತು. ನಾನು ಬಿಟ್ಟದ್ದು ನಿಮಿಷಕ್ಕೆ 2 ಮಿ.ಲೀ., ಗಂಟೆಗೆ 120. ಸರಿಯಾಗಿ ಮೂರು ಪಟ್ಟು. ಹತ್ತು ಕಿಲೋ ಮಗುವಿಗೆ ದಿನವಿಡೀ ಬೇಕಾದದ್ದು ಸುಮಾರು 1000 ಮಿ.ಲೀ.; ಆ ವೇಗದಲ್ಲಿ ಅಷ್ಟೂ ಎಂಟೂ ಚಿಲ್ಲರೆ ಗಂಟೆಯಲ್ಲಿ ಒಳಗೆ ಹೋಗುತ್ತಿತ್ತು. ದೊಡ್ಡವರ ಮೈ ಇಂಥದ್ದನ್ನು ಎಷ್ಟೋ ಸಲ ತಡೆದುಕೊಳ್ಳುತ್ತೆ. ಮಗುವಿನ ಶ್ವಾಸಕೋಶದಲ್ಲಿ ನೀರು ತುಂಬಿ ಉಸಿರು ಕಟ್ಟಬಹುದು.

ಇಷ್ಟೇ ಆಗಿದ್ದರೆ ಬೈಗುಳದಲ್ಲಿ ಮುಗಿಯುತ್ತಿತ್ತು. ಅರ್ಧ ಗಂಟೆಗೆ ಚಾರ್ಟಿನಲ್ಲಿ "20 ಮಿ.ಲೀ." ಅಂತ ಬರೆದೆ. ಬಾಟಲಿ ನೋಡಿ ಅಲ್ಲ, ಇಷ್ಟು ಹೋಗಿರಬೇಕು ಅಂತ ಅಂದಾಜಿಸಿ. ಸಿಸ್ಟರ್ ಬಂದು ಬಾಟಲಿಯ ಗೆರೆ ನೋಡಿದರು, 60 ಇಳಿದಿತ್ತು. ಡ್ರಿಪ್ ನಿಲ್ಲಿಸಿ, ಡಾಕ್ಟರಿಗೆ ಹೇಳಿ, ಮಗುವಿನ ನಾಡಿ, ಉಸಿರು ನೋಡಿದರು. ಮಗುವಿಗೆ ಏನೂ ಆಗಲಿಲ್ಲ. ಆಮೇಲೆ ಅವರು ಕೇಳಿದ್ದು ಸೆಟ್ಟಿನ ವಿಷಯವಲ್ಲ, "ಈ 20 ಎಲ್ಲಿಂದ ಬಂತು?" ಅಂತ. ಉತ್ತರವಿರಲಿಲ್ಲ. ಮಕ್ಕಳ ವಾರ್ಡಿನ ಪೋಸ್ಟಿಂಗ್, ಅಂದರೆ ಅಲ್ಲಿ ಮಾಡಿದ ಪ್ರಾಯೋಗಿಕ ತರಬೇತಿ, ಪೂರ್ತಿ ರದ್ದಾಯಿತು. ಡಿಪ್ಲೊಮಾ ಕೈಗೆ ಬರಬೇಕಾದರೆ ಪ್ರಾಯೋಗಿಕ ಅವಧಿ ನೂರಕ್ಕೆ ನೂರು ಆಗಿರಬೇಕು. ಜೊತೆಯವರೆಲ್ಲ ನರ್ಸಿಂಗ್ ಕೌನ್ಸಿಲ್ ನೋಂದಣಿ ಮಾಡಿಸಿ ಕೆಲಸಕ್ಕೆ ಹೋದ ಮೇಲೂ ನಾನು ಉಳಿದ ಗಂಟೆ ತುಂಬಿಸುತ್ತಾ ಕೂತಿದ್ದೆ.

ಹಾಗಾಗಿ "ಸೇವಾ ಮನೋಭಾವ ಇದೆ" ಅನ್ನುವುದನ್ನು ನಾನು ಅರ್ಹತೆ ಅಂತ ಲೆಕ್ಕಕ್ಕೇ ಹಿಡಿಯಲ್ಲ. ಅದಿಲ್ಲದವರು ಈ ಕಡೆ ತಲೆ ಹಾಕುವುದೇ ಕಡಿಮೆ. ನೋಡಿದ್ದನ್ನೇ ಬರೆಯುತ್ತೀರಾ, ನೋಡದಿದ್ದರೆ ಆ ಜಾಗ ಖಾಲಿ ಬಿಟ್ಟು "ನೋಡಿಲ್ಲ ಸಿಸ್ಟರ್" ಅನ್ನುತ್ತೀರಾ, ಅದನ್ನು ಕೇಳಿಕೊಳ್ಳಿ. ಉಸಿರಾಟ ಎಣಿಸುವಾಗ ಎಲ್ಲರಿಗೂ 18 ಅಂತ ಬರೆಯುವವರಿದ್ದಾರೆ! ನಾಡಿ ಹಿಡಿದ ಬೆರಳು ತೆಗೆಯದೆ, ರೋಗಿಗೆ ಗೊತ್ತಾಗದ ಹಾಗೆ ಎದೆ ಏರಿಳಿಯುವುದನ್ನು ಪೂರ್ತಿ 60 ಸೆಕೆಂಡು ಎಣಿಸಬೇಕು. ಗೊತ್ತಾದರೆ ಅವರ ಉಸಿರಿನ ಲಯವೇ ಬದಲಾಗುತ್ತೆ.

ಲೆಕ್ಕ ಅಂದರೆ ಬೀಜಗಣಿತ ಅಲ್ಲ. ಗ್ರಾಂ, ಮಿಲಿಗ್ರಾಂ, ಮೈಕ್ರೋಗ್ರಾಂ ನಡುವೆ ಸಾವಿರದ ಮೆಟ್ಟಿಲು, ದಶಾಂಶ, ಮಗ್ಗಿ, ಇಷ್ಟೇ. ಅರ್ಧವನ್ನು 0.5 ಅಂತ ಬರೆಯಿರಿ, ಚುಕ್ಕಿಗೆ ಮೊದಲಿನ ಸೊನ್ನೆ ಬಿಟ್ಟರೆ ಚುಕ್ಕಿ ಕಾಣದೆ 5 ಆಗಿಬಿಡುತ್ತೆ. ಇನ್ಸುಲಿನ್ ಇನ್ನೊಂದು ಗುಂಡಿ. ನಮ್ಮಲ್ಲಿ 1 ಮಿ.ಲೀ.ಗೆ 40 ಯೂನಿಟ್ ಇರುವ ಸೀಸೆ ಇನ್ನೂ ಬಳಕೆಯಲ್ಲಿದೆ, ಅದಕ್ಕೆ ಕೆಂಪು ಮುಚ್ಚಳದ ಸಿರಿಂಜು. 1 ಮಿ.ಲೀ.ಗೆ 100 ಗೆರೆ ಲೆಕ್ಕದ, ಕಿತ್ತಳೆ ಮುಚ್ಚಳದ ಸಿರಿಂಜಿನಲ್ಲಿ ಅದೇ ಸೀಸೆಯಿಂದ 10ರ ಗೆರೆವರೆಗೆ ಎಳೆದರೆ ರೋಗಿಗೆ ಹೋಗುವುದು 4 ಯೂನಿಟ್. ಯಾಕೆ ಅಂತ ಕಾಗದದ ಮೇಲೆ ನೀವೇ ಬಿಡಿಸಿ. ಬಿಡಿಸಲು ಆದರೆ ನಿಮಗೆ ಬೇಕಾದಷ್ಟು ಗಣಿತ ಬರುತ್ತೆ.

ರಕ್ತದ ವಿಷಯ ಚುಟುಕಾಗಿ. ತಿಂಡಿ ತಿನ್ನದೆ ಡ್ಯೂಟಿಗೆ ಹೋಗಬೇಡಿ, ಮಂಡಿ ಬಿಗಿಹಿಡಿದು ನಿಲ್ಲಬೇಡಿ. ಕಣ್ಣು ಕತ್ತಲೆ ಬಂದ ಹಾಗಾದರೆ ತೊಡೆ, ಹೊಟ್ಟೆಯ ಸ್ನಾಯು ಬಿಗಿಮಾಡಿ ಬಿಡಿ, ಆಗದಿದ್ದರೆ ನಾಚಿಕೆ ಬಿಟ್ಟು ಕೂತುಬಿಡಿ. ನೋಡ್ತಾ ನೋಡ್ತಾ ಬಹಳ ಜನಕ್ಕೆ ಅಭ್ಯಾಸವಾಗುತ್ತೆ. ಅದಕ್ಕಿಂತ ಸೊಂಟದ ಚಿಂತೆ ಮಾಡಿ. ರೋಗಿಯನ್ನು ಒಬ್ಬರೇ ಎತ್ತುವ ಶೌರ್ಯ ಬೇಡ. ಕೆಳಗೆ ಬಟ್ಟೆ ಹಾಸಿ, ಇಬ್ಬರು ಸೇರಿ, ಮಂಡಿ ಮಡಚಿ ಸರಿಸಬೇಕು. ಚುಚ್ಚಿದ ಸೂಜಿಗೆ ಮತ್ತೆ ಮುಚ್ಚಳ ಹಾಕಲು ಹೋಗಬಾರದು, ನೇರ ಬಿಳಿ ಡಬ್ಬಕ್ಕೆ. ಮುಚ್ಚಳ ಹಾಕಲು ಹೋಗಿಯೇ ಕೈಗೆ ಚುಚ್ಚಿಸಿಕೊಳ್ಳುವುದು.

ಭಾಷೆಯನ್ನು ನೀವು ಕೇಳಲೇ ಇಲ್ಲ, ಆದರೆ ಮುಂಬಯಿಯಲ್ಲಿ ಅದು ಅರ್ಧ ಕೆಲಸ. ಮರಾಠಿ ಸಿನಿಮಾ ಅರ್ಥವಾದರೆ ಸಾಲದು, ನೋವಿನ ಮರಾಠಿ ಬೇಕು. ಮಳಮಳ್ ಅಂದರೆ ವಾಕರಿಕೆ, ಜಳಜಳ್ ಅಂದರೆ ಉರಿ, ದಮ್ ಲಾಗ್ತೋ ಅಂದರೆ ಏದುಸಿರು, ಲಘವಿ ಅಂದರೆ ಮೂತ್ರ. "ಘಾಬರಾಯ್ಲಾ ಹೋತಂಯ್" ಅಂದವರಿಗೆ "ಹೆದರಬೇಡಿ" ಅಂತ ಸಮಾಧಾನ ಹೇಳಿ ಹೊರಟುಬಿಡಬೇಡಿ, ಅವರು ಹೇಳುತ್ತಿರುವುದು ಎದೆಯ ತಳಮಳ ಇರಬಹುದು. ನಾಡಿ ನೋಡಿ, ಸಿಸ್ಟರಿಗೆ ಹೇಳಿ. ವಿಜಯಪುರ, ಕಲಬುರಗಿ ಕಡೆಯಿಂದ ಬಂದ ಕೂಲಿಯವರು "ಎದಿ ಬಡಕೊಳ್ಳಾಕತ್ತೈತಿ" ಅಂದಾಗ ವಾರ್ಡಿನಲ್ಲಿ ಅರ್ಥವಾಗುವವರು ನೀವೊಬ್ಬರೇ ಇರಬಹುದು.

ಆರ್ಟ್ಸ್ ಅಂತ ಅಂಜಬೇಡಿ. ಜಿಎನ್‌ಎಂಗೆ ಇಂಗ್ಲಿಷ್ ಇದ್ದು 12ರಲ್ಲಿ ಶೇ. 40 ಇದ್ದರೆ ಯಾವ ವಿಭಾಗದವರೂ ಅರ್ಜಿ ಹಾಕಬಹುದು. ನಾಲ್ಕು ವರ್ಷದ ಬಿಎಸ್ಸಿ ನರ್ಸಿಂಗ್‌ಗೆ ಮಾತ್ರ ಭೌತ, ರಸಾಯನ, ಜೀವಶಾಸ್ತ್ರ ಬೇಕೇ ಬೇಕು. ಹಣ ಕಟ್ಟುವ ಮುಂಚೆ ಕಾಲೇಜಿನ ಹುಡುಗಿಯರನ್ನು ಗೇಟಿನ ಹೊರಗೆ ಹಿಡಿದು, ಪೋಸ್ಟಿಂಗ್ ಯಾವ ಆಸ್ಪತ್ರೆಯಲ್ಲಿ, ವಾರ್ಡಿನಲ್ಲಿ ಎಷ್ಟು ಹಾಸಿಗೆ ತುಂಬಿರುತ್ತೆ ಅಂತ ಕೇಳಿ. ಕಟ್ಟಡದ ಹೊಳಪು ನೋಡಿ ಸೇರಬೇಡಿ.

ಇನ್ನೊಂದು: ಸೆಕೆಂಡಿನ ಮುಳ್ಳಿರುವ ಗಡಿಯಾರ ತಗೊಳ್ಳಿ, ಎದೆಗೆ ಪಿನ್ ಮಾಡುವಂಥದ್ದು. ಮಣಿಕಟ್ಟಿನದ್ದು ಕೈ ತೊಳೆಯುವಾಗ ಅಡ್ಡ ಬರುತ್ತೆ.