ಅಕ್ವೇರಿಯಂ ಕಟ್ಟಲು ಯಾವ ಸಿಲಿಕೋನ್ ತರಬೇಕು?

ಪ್ರಶ್ನೆ: ಸರ್, ನಾನೇ ಒಂದು ಗಾಜಿನ ಅಕ್ವೇರಿಯಂ ಕಟ್ಟಬೇಕು ಅಂತಿದ್ದೇನೆ. ಉದ್ದ 90, ಅಗಲ 45, ಎತ್ತರ 45 ಸೆಂಟಿಮೀಟರ್. ಸಿಲಿಕೋನ್ ತರಲು ಹೋದರೆ ಬಾತ್‌ರೂಮಿನದು, ಕಿಟಕಿ ಗಾಜಿನದು, ಅಕ್ವೇರಿಯಂನದು ಅಂತ ಬೇರೆ ಬೇರೆ ಟ್ಯೂಬ್ ತೋರಿಸಿದರು. ವಿನೆಗರ್ ವಾಸನೆ ಬಂದರೆ ಯಾವುದಾದರೂ ನಡೆಯುತ್ತದೆ ಅಂತ ಗೆಳೆಯರೊಬ್ಬರ ಸಲಹೆ. ಹೌದಾ?

ಉತ್ತರ: ನಿಮ್ಮ ಗೆಳೆಯರು ಹೇಳಿದ್ದು ಅರ್ಧ ಸರಿ. ಮೀನು ಸಾಯುವುದು ಉಳಿದರ್ಧದಿಂದ.

ಸಿಲಿಕೋನ್ ಗಟ್ಟಿಯಾಗುವುದು ಗಾಳಿಯ ತೇವದಿಂದ. ಹಾಗೆ ಗಟ್ಟಿಯಾಗುವಾಗ ಅಸಿಟಿಕ್ ಆಮ್ಲ ಬಿಡುವ ಜಾತಿಗೆ ಅಸಿಟಾಕ್ಸಿ ಅಂತ ಹೆಸರು. ವಿನೆಗರ್ ವಾಸನೆ ಅದರದ್ದೇ. ಈ ಜಾತಿ ಗಾಜನ್ನು ಚೆನ್ನಾಗಿ ಹಿಡಿಯುತ್ತದೆ, ಬೇಗ ಒಣಗುತ್ತದೆ. ಅದಕ್ಕೇ ಹೆಚ್ಚಿನವರು ಅಕ್ವೇರಿಯಂಗೆ ಇದನ್ನೇ ಬಳಸುತ್ತಾರೆ. ಪೂರ್ತಿ ಒಣಗಿದ ಮೇಲೆ ಆಮ್ಲ ಹಾರಿಹೋಗಿರುತ್ತದೆ, ಅದರಿಂದ ಮೀನಿಗೆ ತೊಂದರೆ ಇಲ್ಲ.

ಆದರೆ ಬಾತ್‌ರೂಮಿನ ಸಿಲಿಕೋನ್‌ಗಳಲ್ಲೂ ಎಷ್ಟೋ ಅಸಿಟಾಕ್ಸಿಯೇ. ಅವೂ ವಿನೆಗರ್ ವಾಸನೆ ಬರುತ್ತವೆ. ಜೊತೆಗೆ ಬೂಷ್ಟು ಹಿಡಿಯದಿರಲಿ ಅಂತ ಅವಕ್ಕೆ ಔಷಧಿ ಬೆರೆಸಿರುತ್ತಾರೆ. ಆ ಔಷಧಿ ನಿಧಾನಕ್ಕೆ ನೀರಿಗೆ ಇಳಿಯುತ್ತದೆ. ಬೂಷ್ಟನ್ನು ಕೊಲ್ಲಲು ಹಾಕಿದ್ದು ಮೀನು, ಸಿಗಡಿಗಳನ್ನು ಬಿಡುತ್ತದಾ? ಮೂಗಿಗೆ ಇದು ಗೊತ್ತಾಗುವುದಿಲ್ಲ, ಲೇಬಲ್ ಓದಲೇಬೇಕು. ಫಂಗಸ್ ನಿರೋಧಕ, ಮೋಲ್ಡ್ ರೆಸಿಸ್ಟೆಂಟ್, ಸ್ಯಾನಿಟರಿ, ಕಿಚನ್ ಆಂಡ್ ಬಾತ್ ಅಂತೆಲ್ಲ ಇದ್ದರೆ ವಾಪಸ್ ಇಡಿ. ಶೇ 100 ಸಿಲಿಕೋನ್ ಅಂತ ಬರೆದಿದ್ದರೂ ಸುಮ್ನೆ ನಂಬಬೇಡಿ, ಅಂಥದ್ದರಲ್ಲೂ ಈ ಔಷಧಿ ಇರಬಹುದು. ಮೇಲೆ ಪೇಂಟ್ ಹೊಡೆಯಬಹುದು ಅಂತ ಇದ್ದರೆ ಅದು ಬಹುಮಟ್ಟಿಗೆ ಅಕ್ರಿಲಿಕ್ ಬೆರಕೆ. ಅದಂತೂ ಬೇಡವೇ ಬೇಡ.

ಕಿಟಕಿ ಗಾಜಿನ ಅಸಿಟಾಕ್ಸಿ ಸಿಲಿಕೋನ್? ಔಷಧಿ ಬೆರೆಸಿಲ್ಲ ಅಂತ ಖಾತ್ರಿಯಾದರೆ ಆಗಬಹುದು. ಆದರೆ ತಯಾರಕರ ಮಾಹಿತಿ ಹಾಳೆಯಲ್ಲಿ ಸದಾ ನೀರಲ್ಲಿ ಮುಳುಗಿರುವ ಜಾಗಕ್ಕೆ ಬಳಸಬೇಡಿ ಅಂತ ಇದೆಯೋ ನೋಡಿ. ವಾಸನೆ ಕಮ್ಮಿ ಇರುವ ನ್ಯೂಟ್ರಲ್ ಜಾತಿಯದ್ದೂ ಗಾಜಿಗೆ ಅಂಟುತ್ತದೆ, ಕೆಲವರು ಅದರಲ್ಲೇ ದೊಡ್ಡ ಟ್ಯಾಂಕ್ ಕಟ್ಟುತ್ತಾರೆ. ಮೊದಲ ಸಲ ಕಟ್ಟುವವರಿಗೆ ನಾನು ಅದನ್ನು ಹೇಳುವುದಿಲ್ಲ. ನಿಮ್ಮ ಅಳತೆಗೆ 300 ಮಿಲಿಯ ಒಂದು ಟ್ಯೂಬ್ ಹೆಚ್ಚುಕಡಿಮೆ ಸಾಕು. ಒಂದು ಟ್ಯೂಬಿಗೆ ಜಿಪುಣತನ ಯಾಕೆ? ಅಕ್ವೇರಿಯಂ ಅಂತ ಬರೆದಿರುವುದನ್ನೇ ತನ್ನಿ.

ತಂದ ಮೇಲೆ ಎಕ್ಸ್‌ಪೈರಿ ದಿನಾಂಕ ನೋಡಿ. ಹಳೆಯದಾದರೆ ಮೇಲೆ ಅಂಟಂಟಾಗಿಯೇ ಉಳಿಯುತ್ತದೆ, ಎಷ್ಟು ದಿನ ಬಿಟ್ಟರೂ ಗಟ್ಟಿಯಾಗದು. ತಾರೀಖು ಸರಿ ಇದ್ದರೂ ಒಂದು ಪರೀಕ್ಷೆ ಮಾಡಿ. ಗಾಜಿನ ತುಂಡೊಂದನ್ನು ಅಸಿಟೋನ್‌ನಿಂದ ಒರೆಸಿ, ಒಂದು ಗೆರೆ ಸಿಲಿಕೋನ್ ಹಾಕಿ, ಎರಡು ಮೂರು ದಿನ ಬಿಡಿ. ಆಮೇಲೆ ತುದಿ ಹಿಡಿದು ಎಳೆಯಿರಿ. ರಬ್ಬರಿನಂತೆ ಹಿಗ್ಗಿ, ನಡುವೆ ಹರಿದು, ಗಾಜಿನ ಮೇಲೆ ಚೂರು ಉಳಿದರೆ ಒಳ್ಳೆಯದು. ಸ್ಟಿಕ್ಕರ್ ತರಹ ಇಡಿಯಾಗಿ ಎದ್ದು ಬಂದರೆ ಗಾಜು ಕೊಳೆ ಇತ್ತು, ಇಲ್ಲವೇ ಸಿಲಿಕೋನ್ ಸರಿಯಿಲ್ಲ.

ಇಷ್ಟೆಲ್ಲ ಯಾಕೆ ಅಂದರೆ, ಟ್ಯಾಂಕ್ ತುಂಬಿದಾಗ ನಿಮ್ಮ ಮುಂದಿನ ಗಾಜನ್ನು ನೀರು ಸುಮಾರು 90 ಕಿಲೋ ಭಾರದಷ್ಟು ಬಲದಿಂದ ಹೊರಗೆ ತಳ್ಳುತ್ತದೆ. ತಡೆಯುವುದು ಅಂಚಿನ ಆ ತೆಳು ಪದರ ಮಾತ್ರ. ಹಾಗಂತ ಗಾಜುಗಳನ್ನು ಬಿಗಿಯಾಗಿ ಒತ್ತಿ ಸಿಲಿಕೋನ್ ಎಲ್ಲಾ ಹೊರಗೆ ಬರುವಂತೆ ಮಾಡಬೇಡಿ. ನಡುವೆ 1ರಿಂದ 2 ಮಿಲಿಮೀಟರ್ ಉಳಿಯಲಿ, ಹಿಗ್ಗಲು ಜಾಗ ಬೇಕಲ್ವಾ? ಮೇಲೆ ಹತ್ತು ನಿಮಿಷದಲ್ಲೇ ಪೊರೆ ಕಟ್ಟಬಹುದು, ಹಾಗಾಗಿ ಕೈಗೊಬ್ಬರು ಜೊತೆಗಿರಲಿ. ಕಿಟಕಿ ತೆಗೆದಿರಿ, ವಾಸನೆ ಕಣ್ಣು ಉರಿಸುತ್ತದೆ.

ಒಣಗುವುದು ಹೊರಗಿನಿಂದ ಒಳಕ್ಕೆ, ದಿನಕ್ಕೆ ಸುಮಾರು 2-3 ಮಿಲಿಮೀಟರ್. ಗಾಳಿ ಒಣಗಿದ್ದರೆ ಇನ್ನೂ ನಿಧಾನ. ಮುಟ್ಟಿದರೆ ಗಟ್ಟಿ ಅನ್ನಿಸಿತು ಅಂತ ಮರುದಿನವೇ ನೀರು ಹಾಕಬೇಡಿ. ನಾನಾದರೆ ಒಂದು ವಾರ ಕಾಯುತ್ತೇನೆ, ಆಗಲೂ ವಾಸನೆ ಇದ್ದರೆ ಇನ್ನೂ ಕಾಯುತ್ತೇನೆ. ಆಮೇಲೆ ನೀರು ತುಂಬಿ ಲೀಕ್ ನೋಡಿ, ಆ ನೀರು ಚೆಲ್ಲಿ.

ಪ್ರಶ್ನೆ: ನಮ್ಮ ಹಳೆ ಟ್ಯಾಂಕಿನ ಮೂಲೆಯಲ್ಲಿ ನೀರು ಜಿನುಗುತ್ತಿದೆ. ಅದರ ಮೇಲೇ ಹೊಸ ಸಿಲಿಕೋನ್ ಬಳಿದರೆ ನಿಲ್ಲುತ್ತದೆಯೇ?

ಉತ್ತರ: ಕೆಲವು ದಿನ ನಿಂತಂತೆ ಕಾಣಬಹುದು. ಒಣಗಿದ ಸಿಲಿಕೋನ್ ಮೇಲೆ ಹೊಸದು ಸರಿಯಾಗಿ ಹಿಡಿಯುವುದಿಲ್ಲ, ಮತ್ತೆ ಸೋರುತ್ತದೆ. ಟ್ಯಾಂಕ್ ಖಾಲಿ ಮಾಡಿ, ಒಳಮೂಲೆಗಳ ಹಳೆ ಸಿಲಿಕೋನ್ ಪಟ್ಟಿಯನ್ನು ಬ್ಲೇಡಿನಿಂದ ಪೂರ್ತಿ ಕೆರೆದು ತೆಗೆಯಿರಿ. ಸೋರುವ ಮೂಲೆಯೊಂದನ್ನೇ ಅಲ್ಲ, ಒಳಸುತ್ತಿನ ಎಲ್ಲವನ್ನೂ. ಇಲ್ಲದಿದ್ದರೆ ಹಳೆಯದೂ ಹೊಸದೂ ಸೇರುವ ಜಾಗದಲ್ಲೇ ಸೋರುತ್ತದೆ. ಅಸಿಟೋನ್‌ನಿಂದ ಒರೆಸಿ, ಒಣಗಿಸಿ, ಆಮೇಲೆ ಹಾಕಿ. ಗಾಜು-ಗಾಜಿನ ನಡುವಿನ ಪದರವೇ ಬಿಟ್ಟುಕೊಂಡು ನೀರು ಬರುತ್ತಿದ್ದರೆ ಒಳಪಟ್ಟಿ ಬದಲಿಸಿ ಪ್ರಯೋಜನವಿಲ್ಲ, ಟ್ಯಾಂಕ್ ಬಿಚ್ಚಿ ಮತ್ತೆ ಜೋಡಿಸಬೇಕು.