ಕಸದ ಪಕ್ಕ ಸಿಕ್ಕ ಹಳೇ ಇಟಾಲಿಯನ್ ರೇಸಿಂಗ್ ಸೈಕಲ್ ಯಾವ ಕಂಪನಿಯದು ಅಂತ ತಿಳಿಯೋದು ಹೇಗೆ? ಸರಿ ಮಾಡಿಸಬಹುದಾ?

ಟೂರಿನ್‌ನಲ್ಲಿ ಓದುತ್ತಿದ್ದೀರಿ. ನಿಮ್ಮ ಕಟ್ಟಡದ ಕಸದ ಡಬ್ಬಗಳ ಪಕ್ಕ ಒಂದು ರೇಸಿಂಗ್ ಸೈಕಲ್ ಸಿಕ್ಕಿದೆ. ಕಂಪನಿ ಹೆಸರು ಎಲ್ಲೂ ಇಲ್ಲ, ಹಿಂದಿನ ಗೇರ್ ಮೇಲೆ ಮಾತ್ರ 'ಕಂಪಾನ್ಯೋಲೊ' ಅಂತ ಇದೆ. ಬಣ್ಣ ಕೆರೆಸಿ ಹೊಸದಾಗಿ ಪೇಂಟ್ ಹೊಡೆಸಲಾ ಅಂತ ಕೇಳಿದ್ದೀರಿ.

ಕೊನೆಯದಕ್ಕೆ ಮೊದಲು ಉತ್ತರ ಕೊಡುತ್ತೇನೆ. ದಯವಿಟ್ಟು ಬಣ್ಣ ಕೆರೆಸಬೇಡಿ. ಹೆಸರಿಲ್ಲದ ಸೈಕಲ್‌ಗೆ ಆ ಹಳೇ ಬಣ್ಣವೇ ಗುರುತಿನ ಚೀಟಿ. ಒಂದು ಸಲ ಹೋದರೆ ಮತ್ತೆ ಬರೋದಿಲ್ಲ.

ನಾನು ಮಿಲಾನ್‌ನಲ್ಲಿದ್ದೇನೆ. ಆರು ವರ್ಷದ ಹಿಂದೆ ನಮ್ಮ ಕಟ್ಟಡದಲ್ಲಿ ಮನೆ ಖಾಲಿ ಮಾಡಿದವರು ಒಂದು ಸೈಕಲ್ ಬಿಟ್ಟುಹೋದರು. ಮೈಯೆಲ್ಲಾ ಗೇಟಿಗೆ ಹೊಡೆಯುವಂಥ ಕಪ್ಪು ಪೇಂಟ್. ಕಟ್ಟಡ ನೋಡಿಕೊಳ್ಳುವ ಅಮ್ಮನನ್ನು ಕೇಳಿ, ಯಾರದೂ ಅಲ್ಲ ಅಂತ ಖಚಿತ ಮಾಡಿಕೊಂಡ ಮೇಲೆ ಮನೆಗೆ ತಂದೆ. ನೀವೂ ಮೊದಲು ಅದನ್ನು ಮಾಡಿ. ಕದ್ದು ಎಸೆದ ಸೈಕಲ್‌ಗಳೂ ಇಲ್ಲಿ ಸಿಗುತ್ತವೆ.

ಈಗ ಗುರುತು ಹಿಡಿಯುವ ವಿಷಯ. ಕಂಪಾನ್ಯೋಲೊ ಅನ್ನೋದು ಸೈಕಲ್ ಕಂಪನಿ ಅಲ್ಲ, 1933ರಲ್ಲಿ ವಿಚೆಂಜಾದಲ್ಲಿ ಶುರುವಾದ ಬಿಡಿಭಾಗದ ಕಂಪನಿ. ಹಾಗಾಗಿ ಆ ಹೆಸರಿನಿಂದ ಫ್ರೇಮ್ ಯಾರದು ಅಂತ ಗೊತ್ತಾಗೋದಿಲ್ಲ. ಆದರೆ ಯಾವ ಕಾಲದ್ದು ಅಂತ ಗೊತ್ತಾಗಬಹುದು. ನಿಮ್ಮ ಗೇರ್ ಕಂಪಾನ್ಯೋಲೊದ 'ನುವೊವೊ ರೆಕಾರ್ಡ್' ಅನ್ನೋ ಮಾದರಿ ಆಗಿದ್ದರೆ ಅದರ ಮೈಮೇಲೆ 'ಪೇಟೆಂಟ್' ಅಂತ ಕೊರೆದು, ಪಕ್ಕದಲ್ಲಿ 71, 74 ಹೀಗೆ ಇಸವಿ ಹಾಕಿರುತ್ತಾರೆ. ಚಕ್ರದ ಆಕ್ಸಲ್ ಮೇಲಿನ ಲಾಕ್‌ನಟ್ ಒರೆಸಿ ನೋಡಿ, ಅಲ್ಲೂ ಎರಡು ಅಂಕಿ ಇರಬಹುದು. ಗೇರನ್ನು ಆಮೇಲೆ ಯಾರಾದರೂ ಬದಲಾಯಿಸಿರಬಹುದು ಅಲ್ವಾ? ಅದಕ್ಕೇ ಎರಡೂ ಕಡೆಯ ಅಂಕಿ ಹೊಂದಿದರೆ ಮಾತ್ರ ನಾನು ನಂಬುತ್ತೇನೆ. ನನ್ನದರಲ್ಲಿ ಎರಡೂ ಕಡೆ 71 ಇತ್ತು.

ಕಂಪನಿ ಹೆಸರಿಗೆ ಫ್ರೇಮನ್ನೇ ನೋಡಬೇಕು. ಪೈಪುಗಳು ಕೂಡುವ ಜಾಗದ ಲಗ್‌ಗಳು, ಫೋರ್ಕಿನ ತಲೆ, ಪೆಡಲ್‌ಗಳ ಆಕ್ಸಲ್ ಹಾದುಹೋಗುವ ಅಡ್ಡ ಪೈಪು, ಅಂದರೆ ಬಾಟಮ್ ಬ್ರಾಕೆಟ್ (ಬಿಬಿ) ಶೆಲ್ಲಿನ ಅಡಿಭಾಗ, ಇಷ್ಟನ್ನು ಟಾರ್ಚ್ ಹಾಕಿ ನೋಡಿ. ಇಸ್ಪೀಟ್ ಎಲೆಯ ಕಳಾವರ್ ಗುರುತು ಕಂಡರೆ ಕೊಲ್ನಾಗೊ. ಹೃದಯದ ಆಕಾರ ಇದ್ದರೆ ದೆ ರೋಸಾ. ತಿಳಿ ಹಸಿರು-ನೀಲಿ ಬಣ್ಣ ಇದ್ದರೆ ಎಲ್ಲರೂ ಬಿಯಾಂಕಿ ಅಂದುಬಿಡುತ್ತಾರೆ. ಬಣ್ಣ ಒಂದನ್ನೇ ನಂಬಬೇಡಿ, ಅದನ್ನು ಯಾರು ಬೇಕಾದರೂ ಹೊಡೆಯಬಹುದು. ಲಗ್ ಮೇಲೆ 56 ಅಂತ ಇದ್ದರೆ ಅದು ಇಸವಿ ಅಲ್ಲ, ಬಹುತೇಕ ಫ್ರೇಮಿನ ಅಳತೆ.

ನನ್ನ ಸೈಕಲ್ ಗುಟ್ಟು ಬಿಟ್ಟುಕೊಟ್ಟಿದ್ದು ಸೀಟ್ ಬೋಲ್ಟ್. ಸಾಮಾನ್ಯವಾಗಿ ಸೀಟ್ ಬಿಗಿ ಮಾಡುವ ಬೋಲ್ಟ್ ಸೀಟ್ ಪೈಪಿನ ಹಿಂದೆ ಇರುತ್ತೆ. ನನ್ನದರಲ್ಲಿ ಮುಂದೆ, ಮೇಲಿನ ಪೈಪು ಬಂದು ಸೇರುವ ಲಗ್‌ನಲ್ಲೇ ಇತ್ತು. ಅದು ಲೆನ್ಯಾನೊ ಅನ್ನೋ ಇಟಾಲಿಯನ್ ಕಂಪನಿಯ ಸೈಕಲ್‌ಗಳ ಗುರುತು. 1940ರ ಜಿರೊ ಡಿ'ಇಟಾಲಿಯಾ ರೇಸನ್ನು ಇಟಲಿಯ ಹೆಸರಾಂತ ರೇಸರ್ ಫೌಸ್ತೊ ಕೊಪ್ಪಿ ಇಪ್ಪತ್ತನೇ ವಯಸ್ಸಿನಲ್ಲಿ ಗೆದ್ದದ್ದು ಲೆನ್ಯಾನೊ ತಂಡದಲ್ಲಿದ್ದಾಗಲೇ. ಬಿಬಿ ಶೆಲ್ಲಿನ ಅಡಿಯಲ್ಲಿ ಒಂದು ನಾಣ್ಯದಷ್ಟು ಜಾಗದ ಕಪ್ಪು ಪೇಂಟನ್ನು ನಿಧಾನಕ್ಕೆ ಉಜ್ಜಿದೆ. ಕೆಳಗೆ ಹಸಿರು ಬಂತು. ಲೆನ್ಯಾನೊ ಅಂದರೆ ಹಸಿರು. ಆ ಸಂಜೆ ನನಗೆ ಊಟ ಸೇರಲಿಲ್ಲ, ಅಷ್ಟು ಖುಷಿ. ಅದನ್ನು ಸ್ಯಾಂಡ್‌ಬ್ಲಾಸ್ಟಿಂಗ್‌ಗೆ, ಅಂದರೆ ಮರಳು ಚಿಮ್ಮಿಸಿ ಬಣ್ಣ ಕೆರೆಸಲು ಕೊಟ್ಟಿದ್ದರೆ ಆ ಹಸಿರು ಒಂದೇ ಗಂಟೆಯಲ್ಲಿ ಪುಡಿಯಾಗಿ ಹೋಗುತ್ತಿತ್ತು.

ಒಂದು ಮಾತು ನೆನಪಿರಲಿ. ಇಟಲಿಯ ಎಷ್ಟೋ ಸಣ್ಣ ಅಂಗಡಿಗಳು ಬೇರೆಯವರ ಹತ್ತಿರ ಫ್ರೇಮ್ ಮಾಡಿಸಿ ತಮ್ಮ ಹೆಸರು ಅಂಟಿಸುತ್ತಿದ್ದವು. ನಿಮ್ಮದರ ಹೆಸರು ಕೊನೆವರೆಗೂ ಸಿಗದೇ ಇರಬಹುದು. ಆದರೂ ಅದು ಒಳ್ಳೇ ಸೈಕಲ್ ಆಗಿರಬಹುದು.

ಬಿಚ್ಚುವ ಮೊದಲು ಫ್ರೇಮ್ ನೆಟ್ಟಗಿದೆಯಾ ನೋಡಿ. ಫ್ರೇಮಿನ ಮುಂದೆ ಹ್ಯಾಂಡಲ್ ಕೂರುವ ಪೈಪಿನ ಹಿಂದೆ, ಕೆಳಗಿನ ಪೈಪಿನ ಅಡಿಯಲ್ಲಿ ಬೆರಳು ಆಡಿಸಿ. ಸುಕ್ಕು ಸಿಕ್ಕರೆ ಎದುರಿಂದ ಎಲ್ಲೋ ಗುದ್ದಿದೆ ಅಂತ ಅರ್ಥ, ಓಡಿಸಬೇಡಿ. ಹಿಂದಿನ ಚಕ್ರ ತೆಗೆದು, ಅದು ಕೂರುವ ಒಂದು ಕೊಕ್ಕೆಯಿಂದ ದಾರ ಕಟ್ಟಿ, ಮುಂದೆ ಹ್ಯಾಂಡಲ್ ಕೂರುವ ಆ ಪೈಪು ಸುತ್ತಿಸಿ, ಇನ್ನೊಂದು ಕೊಕ್ಕೆಗೆ ಎಳೆದು ಕಟ್ಟಿ. ದಾರದಿಂದ ಸೀಟ್ ಪೈಪಿಗೆ ಎರಡೂ ಕಡೆ ಒಂದೇ ದೂರ ಇರಬೇಕು.

ಇನ್ನು ನಾನು ಮಾಡಿದ ತಪ್ಪು. ಚಿಕ್ಕವನಿದ್ದಾಗ ತಿಪಟೂರಿನಲ್ಲಿ ನಮ್ಮ ಸೋದರಮಾವನ ಸೈಕಲ್ ಶಾಪ್‌ನಲ್ಲಿ ರಜೆ ಕಳೆದವನು ನಾನು. 'ಬಲಗಡೆ ಬಿಬಿ ಕಪ್ ಉಲ್ಟಾ ಥ್ರೆಡ್ ಕಣೋ' ಅಂತ ಮಾವ ಕಲಿಸಿದ್ದರು. ಬಿಬಿ ಕಪ್ ಅಂದರೆ ಬಿಬಿ ಶೆಲ್ಲಿನ ಎರಡೂ ಬದಿಗೆ ತಿರುಗಿಸಿ ಕೂರಿಸುವ, ಬೇರಿಂಗ್ ಹಿಡಿದಿಡುವ ಬಟ್ಟಲಿನಂಥ ಭಾಗ. ನಮ್ಮೂರಿನ ಸೈಕಲ್‌ಗಳು ಇಂಗ್ಲಿಷ್ ಪದ್ಧತಿಯವು, ಅವಕ್ಕೆ ಅದೇ ಸರಿ. ಇಲ್ಲೂ ಹಾಗೇ ಅಂದುಕೊಂಡು, ಸ್ಪ್ಯಾನರ್‌ಗೆ ಉದ್ದ ಪೈಪು ತೂರಿಸಿ, ಮೈಭಾರ ಹಾಕಿ ಪ್ರದಕ್ಷಿಣೆಯಾಗಿ ತಿರುಗಿಸಿದೆ. ಬಿಚ್ಚುವ ಬದಲು ಇನ್ನೂ ಬಿಗಿಯಾಯ್ತು. ಕಪ್‌ನ ಅಂಚೆಲ್ಲಾ ಸವೆದುಹೋಯ್ತು.

ಇಟಾಲಿಯನ್ ಫ್ರೇಮಿನಲ್ಲಿ ಎಡಕ್ಕೂ ಬಲಕ್ಕೂ ಒಂದೇ ಥ್ರೆಡ್, ಎರಡೂ ಮಾಮೂಲಿ ದಿಕ್ಕಿನವು. ಹಾಗಾಗಿ ಮೊದಲು ಸ್ಕೇಲ್ ಹಿಡಿದು ಶೆಲ್ಲಿನ ಅಗಲ ಅಳೆಯಿರಿ. 70 ಮಿ.ಮೀ. ಇದ್ದರೆ ಇಟಾಲಿಯನ್, 68 ಇದ್ದರೆ ಇಂಗ್ಲಿಷ್ ಇರುವ ಸಾಧ್ಯತೆ ಜಾಸ್ತಿ. ಕಪ್‌ನ ಮೇಲೆ '36 x 24' ಅಂತ ಕೊರೆದಿದ್ದರೆ ಅನುಮಾನವೇ ಬೇಡ, ಇಟಾಲಿಯನ್. ಆಗ ಎರಡೂ ಕಪ್‌ಗಳನ್ನು, ಆಯಾ ಬದಿಯಿಂದ ನೋಡಿದಂತೆ, ಅಪ್ರದಕ್ಷಿಣೆಯಾಗಿ ತಿರುಗಿಸಿ ಬಿಚ್ಚಬೇಕು. ನನ್ನದನ್ನು ಕೊನೆಗೆ ಬಿಚ್ಚಿಕೊಟ್ಟವರು 'ಚಿಕ್ಲೊಫಿಚೀನಾ'ದ ಒಬ್ಬ ಅಜ್ಜ. ಸ್ವಯಂಸೇವಕರು ನಡೆಸುವ ಸೈಕಲ್ ರಿಪೇರಿ ಜಾಗಕ್ಕೆ ಇಲ್ಲಿ ಹಾಗಂತಾರೆ. ಅವರು ಕಪ್‌ನೊಳಗೆ ದಪ್ಪ ಬೋಲ್ಟ್ ತೂರಿಸಿ, ಎರಡೂ ಕಡೆ ವಾಷರ್ ಇಟ್ಟು, ನಟ್ ಬಿಗಿ ಮಾಡಿ, ಆ ಬೋಲ್ಟನ್ನೇ ತಿರುಗಿಸಿದರು. ಟಕ್ ಅಂತ ಬಿಟ್ಟಿತು. ನಿಮ್ಮ ಊರಿನಲ್ಲೂ ಅಂಥ ಜಾಗ ಹುಡುಕಿ. ವಿಶೇಷ ಸ್ಪ್ಯಾನರ್‌ಗಳೂ ಅಲ್ಲಿರುತ್ತವೆ, ಬೈಯದೆ ಕಲಿಸುತ್ತಾರೆ.

ಸೀಟ್ ಪೋಸ್ಟ್ ಅಲ್ಯೂಮಿನಿಯಂ, ಫ್ರೇಮ್ ಉಕ್ಕು. ವರ್ಷಗಟ್ಟಲೆ ಒಟ್ಟಿಗಿದ್ದರೆ ಎರಡೂ ಕಚ್ಚಿಕೊಳ್ಳುತ್ತವೆ. ತುಕ್ಕು ಬಿಡಿಸುವ ಎಣ್ಣೆ ಹಾಕಿ ನಾಲ್ಕೈದು ದಿನ ಸುಮ್ನೆ ಬಿಡಿ. ಹ್ಯಾಂಡಲನ್ನು ಹಿಡಿದಿಡುವ ಸ್ಟೆಮ್‌ಗೂ ಅದೇ. ಅದರ ಬೋಲ್ಟನ್ನು ಎರಡು ಸುತ್ತು ಮಾತ್ರ ಸಡಿಲ ಮಾಡಿ, ಮೇಲೆ ಮರದ ತುಂಡಿಟ್ಟು ತಟ್ಟಿ.

ತುಕ್ಕಿಗೆ ಹುಣಸೆಹಣ್ಣು, ನಿಂಬೆಹಣ್ಣು ಹಾಕಬೇಡಿ, ಬಣ್ಣ ಮಂಕಾಗುತ್ತೆ. ಕ್ರೋಮ್ ಮೇಲಿನ ತುಕ್ಕಿಗೆ ಅಲ್ಯೂಮಿನಿಯಂ ಫಾಯಿಲ್ ಉಂಡೆ ಮಾಡಿ ನೀರಿನಲ್ಲಿ ಅದ್ದಿ ಉಜ್ಜಿದರೆ ಸಾಕು. ಬಣ್ಣದ ಜಾಗಕ್ಕೆ ತೆಳು ಆಕ್ಸಾಲಿಕ್ ಆಸಿಡ್ ಒಳ್ಳೇದು. ಅದು ವಿಷ, ಗ್ಲೌಸ್ ಹಾಕಿ, ಕಿಟಕಿ ತೆರೆದಿಡಿ, ಆಮೇಲೆ ಚೆನ್ನಾಗಿ ತೊಳೆಯಿರಿ. ಬೇರಿಂಗ್ ಗೋಲಿ, ಗ್ರೀಸ್, ಕೇಬಲ್, ಬ್ರೇಕ್ ರಬ್ಬರ್ ಎಲ್ಲಾ ಹೊಸದು ಹಾಕಿ, ಇದರಲ್ಲಿ ಉಳಿತಾಯ ಬೇಡ. ರಿಮ್ಮಿಗೆ ಟೈರ್ ಕಚ್ಚುವ ಅಂಚು ಇಲ್ಲದಿದ್ದರೆ ಅದು ಅಂಟಿನಿಂದ ಕೂರಿಸುವ ಟ್ಯೂಬ್ಯುಲರ್ ಟೈರಿನದು. ಮಾಮೂಲಿ ಟೈರ್ ಅದಕ್ಕೆ ಕೂರೋದಿಲ್ಲ.

ಸೀಟ್ ಬೋಲ್ಟ್ ಎಲ್ಲಿದೆ, ಶೆಲ್ ಎಷ್ಟು ಅಗಲ ಇದೆ, ಗೇರ್ ಮೇಲೆ ಯಾವ ಅಂಕಿ ಇದೆ, ಇದನ್ನು ನೋಡಿ ಕೆಳಗೆ ಬರೆಯಿರಿ. ಫೋಟೋ ಇದ್ದರೆ ಇನ್ನೂ ಒಳ್ಳೇದು. ಅಲ್ಲಿವರೆಗೆ ಸ್ಪ್ಯಾನರ್ ಮುಟ್ಟಬೇಡಿ.