ಚಂದಾದಾರರ ಏರಿಕೆ, ಫೋನ್ ಬದಲಾವಣೆ ನೋಡಿ ಚಿಪ್ ಮಾರಾಟ ಅಂದಾಜು ಮಾಡೋದು ಹೇಗೆ?

ಹೊಸ ಚಂದಾದಾರರನ್ನೇ ನಂಬಬೇಡಿ, ಈಗ ಫೋನ್ ಮಾರಾಟ, ಅದರ ಜೊತೆ ಚಿಪ್ ಮಾರಾಟವೂ, ನಿಂತಿರುವುದು ಹಳೇ ಫೋನ್ ಬದಲಿಸುವವರ ಮೇಲೆ. 100 ಜನ ನಾಲ್ಕು ವರ್ಷಕ್ಕೊಮ್ಮೆ ಫೋನ್ ಬದಲಿಸುತ್ತಾರೆ ಅಂದುಕೊಳ್ಳಿ: ವರ್ಷಕ್ಕೆ 25. ಹೊಸಬರು 5 ಸೇರಿ 30. ಅದೇ ಜನ ಐದು ವರ್ಷ ತಳ್ಳಿದರೆ, ಹೊಸಬರು ಅಷ್ಟೇ ಬಂದರೂ 25ಕ್ಕೆ ಇಳಿಯುತ್ತದೆ!

ಸಿಮ್ ಎಣಿಸಿ ಜನ ಅಂದುಕೊಳ್ಳಬೇಡಿ. ನಮ್ಮ ಹೊಸನಗರದ ಕಡೆ ಮನೆಯಲ್ಲಿ ಒಂದಕ್ಕೆ ಸಿಗ್ನಲ್, ಪೇಟೆಯಲ್ಲಿ ಇನ್ನೊಂದಕ್ಕೆ, ಹಾಗಾಗಿ ಒಂದೇ ಫೋನಿಗೆ ಎರಡು ಸಿಮ್ ಹಾಕಿಕೊಂಡವರು ಜಾಸ್ತಿ. ಮಳೆಗಾಲದಲ್ಲಿ ತೋಟದಲ್ಲಿ ನೆಂದ ಫೋನನ್ನು ಶಿವಮೊಗ್ಗಕ್ಕೆ ತಂದು, ಬಿಚ್ಚಿ ಒಣಗಿಸಿ, ಮತ್ತೆ ವರ್ಷಗಟ್ಟಲೆ ಓಡಿಸುತ್ತಾರೆ, ಹೊಸದು ಕೊಳ್ಳುವುದು ಅಷ್ಟು ತಡ.

ಇನ್ನೊಂದು ದಾಸ್ತಾನು. 2021ರ ಕೊರತೆಯಲ್ಲಿ ಫೋನ್ ಕಂಪನಿಗಳು ಚಿಪ್ ಕೂಡಿಟ್ಟುಕೊಂಡವು, 2022ರ ಕೊನೆಗೆ ಫೋನ್ ಮಾರಾಟ ಬಿದ್ದಾಗ ಚಿಪ್ ಆರ್ಡರ್ ಅದಕ್ಕಿಂತ ಜೋರಾಗಿ ಬಿತ್ತು. ಕೂಡಿಟ್ಟ ದಾಸ್ತಾನನ್ನು ಕಳೆದೇ ಲೆಕ್ಕ ಹಾಕಿ.